ಹಳೆಯ ಚಿತ್ರಕ್ಕೆ ಒಡೆಯರಿಲ್ಲವೇ?

ರಾಜ್ಯೋತ್ಸವಕ್ಕೆ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ತೋರಿಸಬೇಕೆಂದು ಡೊಂಬಿವಲಿಯ ನಮ್ಮ ಹುಡುಗ ಹುಡುಗಿಯರು ಹೊರಟಾಗ ನನಗೆ ನಿಜಕ್ಕೂ ಸಂತೋಷವಾಯಿತು. ಮುಂಬಯಿಯಲ್ಲೇ ಹುಟ್ಟಿ, ಮರಾಠಿ-ಹಿಂದಿಗಳ ನಡುವೆ ಬೆಳೆದ ಮಕ್ಕಳಿಗೆ 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ರಾಣಿಯ ಯುದ್ಧದ ಕಥೆ ನೋಡುವ ಆಸೆ ಹುಟ್ಟಿತಲ್ಲ! “ಅಂಕಲ್, ಅದು ಅಜ್ಜನ ಕಾಲದ ಸಿನಿಮಾ. ಈಗಲೂ ಯಾರನ್ನಾದರೂ ಕೇಳಬೇಕೇ?” ಎಂದಳು ಒಬ್ಬ ಹುಡುಗಿ. ಉತ್ತರಕ್ಕಾಗಿ ನಾನು ಕಾಯಿದೆಯ ಪುಸ್ತಕವನ್ನೇ ತೆರೆದು ಕುಳಿತೆ.

ಕಾನೂನಿನಲ್ಲಿ ‘ಹಳೆಯದು’ ಎಂಬ ಮಾತಿಗೆ ಬೆಲೆಯಿಲ್ಲ, ಇಸವಿಗೆ ಬೆಲೆ. 1957ರ ಕೃತಿಸ್ವಾಮ್ಯ ಕಾಯಿದೆ ಚಲನಚಿತ್ರಕ್ಕೆ 50 ವರ್ಷಗಳ ರಕ್ಷಣೆ ಕೊಟ್ಟಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಸರ್ಕಾರ ಅವಧಿಯನ್ನು 60 ವರ್ಷಕ್ಕೇರಿಸಿತು. ಆ ಲಾಭ ಸಿನಿಮಾಗಳಿಗೂ ದೊರೆಯಿತು. ಎಣಿಕೆ ಶುರುವಾಗುವುದು ಬಿಡುಗಡೆಯ ಮರುವರ್ಷದ ಜನವರಿ 1ರಿಂದ.

ಬಿ.ಆರ್. ಪಂತುಲು ಅವರ ಚೆನ್ನಮ್ಮ ತೆರೆಕಂಡದ್ದು 1961ರಲ್ಲಿ. ಆದ್ದರಿಂದ ಚಿತ್ರದ ಕೃತಿಸ್ವಾಮ್ಯ 2021ರ ಡಿಸೆಂಬರ್ 31ಕ್ಕೆ ಮುಗಿಯಿತು. 1962ರ ಚೀನಾ ಯುದ್ಧವನ್ನು ಕುರಿತ ಚೇತನ್ ಆನಂದರ ‘ಹಕೀಕತ್’ 1964ರದು. ಅದರ ಅವಧಿ 2024ರ ಕೊನೆಯವರೆಗೂ ಇತ್ತು. ಸೆನ್ಸಾರ್ ಪ್ರಮಾಣಪತ್ರದ ತಾರೀಖನ್ನಷ್ಟೇ ನೋಡಿ ಲೆಕ್ಕ ಹಾಕಬೇಡಿ. ಡಿಸೆಂಬರಿನಲ್ಲಿ ಪ್ರಮಾಣಪತ್ರ ಪಡೆದ ಚಿತ್ರ ಜನವರಿಯಲ್ಲಿ ಬಿಡುಗಡೆಯಾಗಿದ್ದರೆ ಒಂದು ವರ್ಷವೇ ಹೆಚ್ಚು-ಕಡಿಮೆಯಾಗುತ್ತದೆ.

“ಹಾಗಾದರೆ ಹಾಡುಗಳನ್ನೂ ನಮ್ಮ ನೃತ್ಯಕ್ಕೆ ಹಾಕಿಕೊಳ್ಳೋಣ” ಎಂದರು ಮಕ್ಕಳು. ಸ್ವಲ್ಪ ತಾಳಿ ಎಂದೆ. ಚಿತ್ರದೊಳಗಿನ ಸಾಹಿತ್ಯಕ್ಕೂ ಸಂಗೀತಕ್ಕೂ ಪ್ರತ್ಯೇಕ ಹಕ್ಕುಂಟು. ಅದು ರಚಿಸಿದವರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ‘ಹಕೀಕತ್’ನ ಗೀತೆಗಳನ್ನು ಬರೆದ ಕೈಫಿ ಆಜ್ಮಿ ತೀರಿಕೊಂಡದ್ದು 2002ರಲ್ಲಿ. ಹಾಗಾಗಿ ಚಿತ್ರ ಎಲ್ಲರದಾದರೂ ಆ ಸಾಹಿತ್ಯದ ಹಕ್ಕು 2062ರವರೆಗೆ ಇರುತ್ತದೆ. ಚೆನ್ನಮ್ಮ ಚಿತ್ರದಲ್ಲಿ ಅಕ್ಕಮಹಾದೇವಿಯ ವಚನವೂ ಇದೆ. ಹನ್ನೆರಡನೆಯ ಶತಮಾನದ ಆ ಮಾತುಗಳು ನಮ್ಮೆಲ್ಲರ ಆಸ್ತಿ, ಟಿ.ಜಿ. ಲಿಂಗಪ್ಪ ಅವರ ಸಂಗೀತ ಸಂಯೋಜನೆಗೆ ಮಾತ್ರ ಲೆಕ್ಕ ಬೇರೆ. ಈ ಹಕ್ಕುಗಳು ಇಂದು ಯಾರ ಕೈಯಲ್ಲಿವೆ ಎಂದು ವಿಚಾರಿಸಿಯೇ ಮುಂದುವರಿಯಬೇಕು.

ಇದನ್ನು ಬರಿಯ ತೊಡಕೆಂದು ತಿಳಿಯಬೇಡಿ. ಮುಂಬಯಿಯಲ್ಲಿ ದಿನವಿಡೀ ದುಡಿದು, ರಾತ್ರಿ ಕುಳಿತು ಕನ್ನಡ ನಾಟಕ ಬರೆಯುವವರಿದ್ದಾರೆ, ಹಾಡು ಕಟ್ಟುವವರಿದ್ದಾರೆ. ಅವರ ಶ್ರಮವನ್ನು ಕಾಯುವುದೂ ಇದೇ ಕಾಯಿದೆ. ನಾಳೆ ನಿಮ್ಮಲ್ಲೊಬ್ಬರು ಬರೆದರೆ ಅದಕ್ಕೂ ಇದೇ ರಕ್ಷೆ.

ನಮ್ಮ ಮಕ್ಕಳು ವಚನಕ್ಕೆ ತಾವೇ ಹೊಸ ರಾಗ ಕೂಡಿಸುತ್ತಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ಪಂತುಲು, ಬಿ. ಸರೋಜಾದೇವಿ, ರಾಜ್‌ಕುಮಾರ್, ಲಿಂಗಪ್ಪ ಇವರೆಲ್ಲರ ಹೆಸರುಗಳನ್ನೂ ಅಚ್ಚು ಹಾಕಿಸುತ್ತಿದ್ದಾರೆ. ಹಕ್ಕಿನ ಅವಧಿ ಮುಗಿದ ಮಾತ್ರಕ್ಕೆ ಮಾಡಿದವರ ಹೆಸರನ್ನು ಬಿಡಬೇಕೆಂದಿಲ್ಲವಲ್ಲ.