ಯಾರ ಕಾರ್ಡಿನಲ್ಲಿ ಟಿಕೆಟ್?

ಶಾರ್ಜಾದ ಅಲ್ ನಹ್ದಾದಲ್ಲಿ ನಾವು ಆರು ಮಂದಿ ಇರುವ ಕೋಣೆಯಲ್ಲಿ ಕ್ರೆಡಿಟ್ ಕಾರ್ಡ್ ಇರುವುದು ಒಬ್ಬರಿಗೆ ಮಾತ್ರ. ಕುಂದಾಪುರ ಕಡೆಯವರು, ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್. ನಮಗೆಲ್ಲ ಕುಂದಾಪುರದಣ್ಣ. ಉಳಿದ ಐವರ ಸಂಬಳ ಬ್ಯಾಂಕಿನವರು ಸಾಮಾನ್ಯವಾಗಿ ಕೇಳುವ 5,000 ದಿರ್ಹಮ್ ಮುಟ್ಟುವುದಿಲ್ಲ. ಹಾಗಾಗಿ ಊರಿಗೆ ಹೊರಟಾಗ ಟಿಕೆಟ್ ಅಣ್ಣನ ಕಾರ್ಡಿನಲ್ಲಿ, ಹಣ ಸಂಬಳದ ದಿನ ಅಣ್ಣನ ಕೈಗೆ. ಗಲ್ಫಿನ ಕೋಣೆಗಳಲ್ಲಿ ಇದೇನು ಹೊಸತಲ್ಲ, ಓದುತ್ತಿರುವ ನಿಮಗೂ ಗೊತ್ತು.

ಕಳೆದ ವರ್ಷ ನಾವು ನಾಲ್ವರು ಒಟ್ಟಿಗೆ ದುಬೈಯಿಂದ ಮಂಗಳೂರಿಗೆ ಹೊರಟೆವು. ನಮ್ಮಲ್ಲಿ ಬಂಟ್ವಾಳದವನ ತಂಗಿಯ ಮದುವೆ, ಭಾನುವಾರ ಬೆಳಿಗ್ಗೆ 11.20ಕ್ಕೆ ಮುಹೂರ್ತ. ತಂದೆ ಇಲ್ಲದ ಮನೆ, ಧಾರೆ ಎರೆಯಬೇಕಾದವನು ಅವನೇ. ಕಂಪನಿ ರಜೆ ಕೊಟ್ಟದ್ದು ಶನಿವಾರದ ಡ್ಯೂಟಿ ಮುಗಿದ ಮೇಲೆ. ರಾತ್ರಿ 11ಕ್ಕೆ ವಿಮಾನ, ಬೆಳಗಿನ ಜಾವ 4ಕ್ಕೆ ಬಜಪೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ವಿಮಾನ ಹೊರಟದ್ದು ಭಾನುವಾರ ಮಧ್ಯಾಹ್ನ 1.30ಕ್ಕೆ.

ಮೊದಲು ಒಂದು ಗಂಟೆ ತಡ ಎಂದರು, ಆಮೇಲೆ ಮೂರು, ಮತ್ತೆ ಬೆಳಿಗ್ಗೆ ಎಂದರು. ಹೀಗೆ ಕಂತಿನಲ್ಲಿ ತಡ ಮಾಡುವುದರಿಂದ ಯಾರಿಗೂ ಬೇರೆ ದಾರಿ ಹುಡುಕಲು ಆಗುವುದಿಲ್ಲ. ಒಂದೇ ಸಲ 14 ಗಂಟೆ ಎಂದಿದ್ದರೆ ಅವನನ್ನು ಕೊಚ್ಚಿಯ ವಿಮಾನಕ್ಕೋ ಬೆಂಗಳೂರಿನ ವಿಮಾನಕ್ಕೋ ಹತ್ತಿಸಬಹುದಿತ್ತು. ದುಬೈಯಲ್ಲಿ ಗಂಟೆ 9.50 ಆದಾಗ ಊರಲ್ಲಿ ಮುಹೂರ್ತ. ಅವನು ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಸೋದರಮಾವ ಧಾರೆ ಎರೆಯುವುದನ್ನು ನೋಡಿದ. ನಾವು ಸುತ್ತ ನಿಂತಿದ್ದೆವು. ಓಲಗದ ಸದ್ದಿಗೆ ಅಕ್ಕಪಕ್ಕದವರೂ ತಿರುಗಿ ನೋಡಿದರು. ಅವನು ಒಂದು ಮಾತೂ ಆಡಲಿಲ್ಲ.

ಅಣ್ಣ ಮಾತ್ರ ಆ ಹೊತ್ತಿನಲ್ಲೂ ಕೌಂಟರಿನ ಎದುರು ನಿಂತು ಒಂದು ಚೀಟಿಗಾಗಿ ವಾದಿಸುತ್ತಿದ್ದರು. ಎಷ್ಟು ಗಂಟೆ ತಡ, ಯಾವ ಕಾರಣಕ್ಕೆ ಎಂದು ವಿಮಾನ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ ಎಂದು. ಕೌಂಟರಿನ ಹುಡುಗಿ ಇಮೇಲ್ ಮಾಡಿ ಎಂದಳು. ಇಮೇಲ್ ಮಾಡುತ್ತೇನೆ, ಚೀಟಿಯೂ ಬೇಕು ಎಂದರು ಅಣ್ಣ. ನಮಗೆ ಆಗ ಸಿಟ್ಟು ಬಂದಿತ್ತು, ಮದುವೆ ತಪ್ಪಿದ ಹೊತ್ತಿನಲ್ಲಿ ಕಾಗದದ ಚಿಂತೆಯೇ ಎಂದು. ಆದರೆ ಆ ಕಾಗದ ಇಲ್ಲದಿದ್ದರೆ ಇನ್ಶೂರೆನ್ಸಿನವರು ಅರ್ಜಿಯನ್ನು ಮುಟ್ಟಿಯೂ ನೋಡುವುದಿಲ್ಲ. ತಾಂತ್ರಿಕ ದೋಷ, ಮಳೆ, ಮಂಜು, ಸಿಬ್ಬಂದಿ ಕೊರತೆ, ಯಾವುದೆಂದು ಬರಹದಲ್ಲಿ ಇರಬೇಕು. ಮೊಬೈಲಿಗೆ ಬಂದ ಮೆಸೇಜ್ ಅಳಿಸಬಾರದು, ಬೋರ್ಡಿಂಗ್ ಪಾಸ್ ಬಿಸಾಡಬಾರದು. ಚಹಾ ಕುಡಿದ ಬಿಲ್ ಕೂಡ ಜೇಬಿನಲ್ಲಿರಬೇಕು.

ಕಾರ್ಡಿನ ಜೊತೆ ಬರುವ ಪ್ರಯಾಣ ವಿಮೆ ಎಂದರೆ ಬ್ಯಾಂಕು ಒಂದು ವಿಮಾ ಕಂಪನಿಯಿಂದ ತನ್ನ ಎಲ್ಲ ಗ್ರಾಹಕರಿಗಾಗಿ ತೆಗೆದುಕೊಂಡ ಗುಂಪು ಪಾಲಿಸಿ. ಹಣ ಕೊಡುವುದು ವಿಮಾ ಕಂಪನಿ. ಅಣ್ಣನ ಕಾರ್ಡಿನಲ್ಲಿ 4 ಗಂಟೆ ದಾಟಿದರೆ ಅರ್ಹತೆ, ಕೆಲವು ಕಾರ್ಡುಗಳಲ್ಲಿ 6, ಕೆಲವುದರಲ್ಲಿ 12. ಕೆಲವರು ತಾಸಿಗೆ ಇಷ್ಟು ಎಂದು ಕೊಡುತ್ತಾರೆ, ಹೆಚ್ಚಿನವರು ಬಿಲ್ ಇದ್ದಷ್ಟು ಮಾತ್ರ. ಟಿಕೆಟಿನ ಪೂರ್ತಿ ಹಣ ಆ ಕಾರ್ಡಿನಿಂದಲೇ ಹೋಗಿರಬೇಕು, ಅರ್ಧ ನಗದು ಕೊಟ್ಟರೆ ಮುಗಿಯಿತು. ಊರಿಗೆ ಮುಟ್ಟಿದ ಮೇಲೆ ಮದುವೆ, ನೇಮ, ಕೋಲ ಎಂದು ತಿಂಗಳು ಕಳೆದರೆ ಅರ್ಜಿಯ ಅವಧಿಯೂ ಕಳೆದಿರುತ್ತದೆ.

ನಾಲ್ಕೂ ಟಿಕೆಟ್ ಅಣ್ಣನ ಕಾರ್ಡಿನದ್ದೇ ಅಲ್ಲವೇ, ನಾಲ್ವರಿಗೂ ಹಣ ಬರುತ್ತದೆ ಎಂದು ನಾವು ಆಸೆಪಟ್ಟೆವು. ಪಾಲಿಸಿ ಪುಸ್ತಕ ತೆಗೆದರೆ ಅದರಲ್ಲಿ ಕಾರ್ಡುದಾರ, ಅವನ ಹೆಂಡತಿ, ಮಕ್ಕಳು ಎಂದಿತ್ತು. ಹತ್ತು ವರ್ಷ ಒಂದೇ ಕುಕ್ಕರಿನ ಅನ್ನ ಉಂಡವರಿಗೆ ಆ ಪುಸ್ತಕದಲ್ಲಿ ಸಂಬಂಧವೇ ಇಲ್ಲ! ಅಣ್ಣನಿಗೆ ಆರು ವಾರದ ಮೇಲೆ 285 ದಿರ್ಹಮ್ ಬಂತು. ಊಟ, ನೀರು, ಬ್ಯಾಗೆಲ್ಲ ಒಳಗೆ ಹೋದ ಕಾರಣ ಕೊಂಡ ಒಂದು ಅಂಗಿ, ಶೇವಿಂಗ್ ಸೆಟ್ಟು, ಇವಕ್ಕೆಲ್ಲ ಕೊಟ್ಟರು. ಮಕ್ಕಳಿಗೆ ಕೊಂಡ ಚಾಕಲೇಟಿನ ಬಿಲ್ಲನ್ನು ಗೀಟು ಎಳೆದು ಹೊಡೆದು ಹಾಕಿದ್ದರು. ಅದು ನ್ಯಾಯವೇ. ಅಣ್ಣ ಆ ಹಣದಲ್ಲಿ ಕೋಣೆಗೆ ಅಂಜಲ್ ಮೀನು ತಂದು ಲೆಕ್ಕ ಚುಕ್ತಾ ಎಂದರು.

ಹಾಗೆಂದು ಈ ವಿಮೆಗಾಗಿ ಯಾರೂ ಕಾರ್ಡು ಮಾಡಿಸಬೇಡಿ. ಬಾಕಿ ಉಳಿಸಿದರೆ ತಿಂಗಳಿಗೆ ಶೇಕಡಾ 3ರ ಆಸುಪಾಸು ಬಡ್ಡಿ ಏರುತ್ತದೆ. 285 ದಿರ್ಹಮ್ ಬರುವುದಕ್ಕೆ ಮೊದಲು ಅದರ ಎರಡರಷ್ಟು ಹೋಗಿರುತ್ತದೆ. ಈಗಾಗಲೇ ಕಾರ್ಡ್ ಇದ್ದವರು ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿದರೆ ಸಾಕು. ಮುಖ್ಯವಾಗಿ ಯಾವುದಕ್ಕೆ ಕೊಡುವುದಿಲ್ಲ ಎಂಬ ಪುಟ. 2024ರ ಏಪ್ರಿಲ್ 16ರ ಮಳೆಗೆ ದುಬೈ ವಿಮಾನ ನಿಲ್ದಾಣ ಕೆರೆಯಾದಂಥ ಸಂದರ್ಭ ಹವಾಮಾನದ ಲೆಕ್ಕಕ್ಕೆ ಬರುತ್ತದೆ. ಆದರೆ 2025ರ ಜೂನ್ 23ರ ರಾತ್ರಿ ಕತಾರ್ ತನ್ನ ಆಕಾಶ ಮುಚ್ಚಿದಾಗ ಸಿಕ್ಕಿಬಿದ್ದವರದ್ದು ಬೇರೆ ಕತೆ. ಯುದ್ಧ ಎಂಬ ಶಬ್ದ ಬಂದ ಕೂಡಲೇ ಹೆಚ್ಚಿನ ಪಾಲಿಸಿಗಳು ಕೈ ತೊಳೆದುಕೊಳ್ಳುತ್ತವೆ. ಸುದ್ದಿ ಬಂದ ಮೇಲೆ ಟಿಕೆಟ್ ಕೊಂಡವರಿಗೂ ಅಷ್ಟೇ.

ಕಾರ್ಡ್ ಇಲ್ಲದವರಿಗೆ, ಕಂಪನಿ ಟಿಕೆಟಿನವರಿಗೆ, ಟ್ರಾವೆಲ್ಸಿನಲ್ಲಿ ನಗದು ಎಣಿಸಿದವರಿಗೆ ಏನೂ ಇಲ್ಲವೇ? ನಮ್ಮಲ್ಲಿ ಹೆಚ್ಚಿನವರು ಈ ಸಾಲಿನವರೇ. ಇವರಿಗೆ ಉಳಿದಿರುವುದು ವಿಮಾನ ಸಂಸ್ಥೆಯ ಹೊಣೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಯುಎಇಯೂ ಸೇರಿದೆ, 2009ರಲ್ಲಿ ಭಾರತವೂ ಸೇರಿತು. ತಡದಿಂದ ಆದ ನಷ್ಟವನ್ನು ಲೆಕ್ಕ ತೋರಿಸಿ ಕೇಳಬಹುದು. ನಾವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೇವೆ ಎಂದು ಸಂಸ್ಥೆ ಸಾಬೀತು ಮಾಡಿದರೆ ಮಾತ್ರ ಅದಕ್ಕೆ ಬಿಡುಗಡೆ. ದಾವೆ ಹೂಡಲು 2 ವರ್ಷ ಸಮಯ ಇದೆ. ಊರಿನಿಂದ ಮರಳುವಾಗ ಭಾರತದ ಸಂಸ್ಥೆಗಳಿಗೆ ಡಿಜಿಸಿಎಯ ನಿಯಮವೂ ಉಂಟು: ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೊಡಬೇಕು. ಕೇಳದಿದ್ದರೆ ಒಂದು ಸ್ಯಾಂಡ್‌ವಿಚ್ಚಿನಲ್ಲಿ ಮುಗಿಸುತ್ತಾರೆ.

ಬಂಟ್ವಾಳದವನು ಸಂಜೆ ಮನೆ ಮುಟ್ಟುವಾಗ ತಂಗಿ ಗಂಡನ ಮನೆಗೆ ಹೋಗಿ ಆಗಿತ್ತು. ಅದಕ್ಕೆ ಯಾವ ಒಪ್ಪಂದದಲ್ಲೂ ಕಾಲಂ ಇಲ್ಲ. ಮರಳಿ ಬಂದ ಮೇಲೆ ಅವನಿಂದ ನಾವು ವಿಮಾನ ಸಂಸ್ಥೆಗೆ ಒಂದು ಪತ್ರ ಬರೆಸಿದೆವು. ನಸುಕಿನಲ್ಲಿ ಬಜಪೆಗೆ ಬಂದು ಖಾಲಿ ಮರಳಿದ ಟ್ಯಾಕ್ಸಿಯ ಬಾಡಿಗೆ, ಸಂಜೆ ಮತ್ತೆ ಬಂದದ್ದರ ಬಾಡಿಗೆ, ವಿಮಾನ ನಿಲ್ದಾಣದ ಊಟ. ಅಣ್ಣ ಜಗಳವಾಡಿ ತಂದ ಚೀಟಿಯ ಪ್ರತಿಯನ್ನೂ ಲಗತ್ತಿಸಿದ್ದೇವೆ, ಅದರಲ್ಲಿ ತಾಂತ್ರಿಕ ಕಾರಣ ಎಂದಿದೆ. ಮೊನ್ನೆ ಉತ್ತರ ಬಂತು, ಟ್ಯಾಕ್ಸಿಯ ರಸೀದಿ ಕೇಳಿದ್ದಾರೆ. ನಮ್ಮ ಕಡೆಯ ಟ್ಯಾಕ್ಸಿಯವರು ರಸೀದಿ ಕೊಡುವ ಪೈಕಿಯೇ? ಪುಣ್ಯಕ್ಕೆ ಚಾಲಕ ನೆರೆಮನೆಯವನು. ಮಗಳ ನೋಟ್ ಪುಸ್ತಕದ ಹಾಳೆಯಲ್ಲಿ ಎರಡು ಬಾಡಿಗೆಯ ಲೆಕ್ಕವನ್ನೂ ಬರೆದು, ಗಾಡಿಯ ನಂಬರ್ ಹಾಕಿ, ಸಹಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದಾನೆ. ಕನ್ನಡದಲ್ಲಿದೆ. ಇಂಗ್ಲಿಷಿಗೆ ಮಾಡಿ ಕಳಿಸುವ ಕೆಲಸ ಕುಂದಾಪುರದಣ್ಣನಿಗೆ ಬಿದ್ದಿದೆ. ಈ ಶುಕ್ರವಾರ ಕೂರುತ್ತೇವೆ.