ಅಚ್ಚಿನ ಗೆರೆ

ಎರಕದ ಸಾಮಾನೊಂದನ್ನು ಭದ್ರಾವತಿಯ ಜನ್ನಾಪುರದ ಹಳಬರ ಕೈಗೆ ಕೊಟ್ಟರೆ ಅವರು ಮೊದಲು ಅದರ ಚೆಂದ ನೋಡುವುದಿಲ್ಲ. ತಿರುಗಿಸಿ, ಪಕ್ಕೆಯನ್ನು ಬೆರಳಿನಿಂದ ಸವರುತ್ತಾರೆ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಸಣ್ಣ ಗೆರೆಯೊಂದು ಎದ್ದಿರುತ್ತದೆ. ಲೋಹ ಎಲ್ಲಿಂದ ಒಳಗೆ ಹರಿಯಿತು, ಆಮೇಲೆ ಅರ ಹಾಕಿ ಎಷ್ಟು ತೇದರು ಎಂಬುದೆಲ್ಲ ಅದರ ಆಸುಪಾಸಿನಲ್ಲೇ ಸಿಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಮರಳಿನ ಅಚ್ಚು, ಪ್ಯಾಟರ್ನು, ಕೋರು ಎಂಬ ಮಾತುಗಳು ಅಂದಿನಿಂದ ಇಲ್ಲಿ ಊಟದ ಹೊತ್ತಿನ ಮಾತಾಗಿಯೂ ಬಂದಿವೆ.

ಇಂಥ ಊರಿನವರಿಗೆ ಶಿಲ್ಪ ನೋಡುವ ಹವ್ಯಾಸ ಹತ್ತಿದರೆ ಅದರ ರುಚಿಯೇ ಬೇರೆ. ಮೂರ್ತಿ ಯಾವ ದೇವರದು, ಯಾವ ಕಾಲದ್ದು ಎಂಬುದರ ಜತೆಗೇ ‘ಇದನ್ನು ಹೇಗೆ ಮಾಡಿದರು, ಯಾರು ಮಾಡಿದರು’ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ಪ್ರತಿಕೃತಿಗಳು ಮೂಲಕ್ಕಿಂತ ಉದಾರಿಗಳು. ಗಾಜಿನ ಗೋಡೆ ಇಲ್ಲ, ಹತ್ತಿರ ಹೋಗಬಹುದು, ಎಷ್ಟೋ ಕಡೆ ಮುಟ್ಟಲೂಬಹುದು. ಅದರಲ್ಲೂ ಪುರಾತನ ಚೀನಾದ ಶಿಲ್ಪಗಳ ಪ್ರತಿಕೃತಿಗಳೆಂದರೆ ಎರಕ ಬಲ್ಲವರಿಗೆ ಹಬ್ಬ.

ಚೀನಾದ ಕೆಲವು ಶಿಲ್ಪಗಳು ಪ್ರತಿಕೃತಿಯಾಗಿಯೇ ಲೋಕ ಸುತ್ತುವುದಕ್ಕೆ ಕಾರಣವಿದೆ. ಪರದೇಶದ ಪ್ರದರ್ಶನಗಳಿಗೆ ಕಳಿಸಲೇಬಾರದ 64 ಪ್ರಾಚೀನ ವಸ್ತುಗಳ ಪಟ್ಟಿಯೊಂದನ್ನು ಆ ದೇಶ 2002ರಲ್ಲಿ ಹೊರಡಿಸಿತು. ಗಾನ್ಸು ಪ್ರಾಂತ್ಯದ ಕಂಚಿನ ಓಡುಕುದುರೆ ಆ ಪಟ್ಟಿಯಲ್ಲಿದೆ. 1969ರಲ್ಲಿ ವುವೇಯ್ ಎಂಬಲ್ಲಿ ಹಾನ್ ಕಾಲದ ಗೋರಿಯೊಂದರಲ್ಲಿ ಸಿಕ್ಕ ಈ ಕುದುರೆಯ ಎತ್ತರ ಸುಮಾರು 35 ಸೆಂಟಿಮೀಟರ್, ಉದ್ದ 45. ಏಳು ಕಿಲೊಗಿಂತ ತುಸು ಹೆಚ್ಚು ತೂಗುವ ಇಡೀ ಪ್ರಾಣಿ ನಿಂತಿರುವುದು ಒಂದೇ ಗೊರಸಿನ ಮೇಲೆ. ಆ ಗೊರಸಿನಡಿ ರೆಕ್ಕೆ ಬಿಚ್ಚಿದ ಹಕ್ಕಿ. ಉಳಿದ ಮೂರು ಕಾಲು ಗಾಳಿಯಲ್ಲಿ, ತಲೆ ಕೊಂಚ ಓರೆ, ಬಾಲ ಹಿಂದಕ್ಕೆ ಚಾಚಿದೆ. ಪ್ರತಿಕೃತಿಯನ್ನು ಒಮ್ಮೆ ಪಕ್ಕದಿಂದ, ಒಮ್ಮೆ ಎದುರಿನಿಂದ ನೋಡಿದರೆ ಲೆಕ್ಕ ತಿಳಿಯುತ್ತದೆ: ಮುಂದೆ ಚಾಚಿದ ಕತ್ತಿನ ಭಾರಕ್ಕೆ ಹಿಂಗಾಲು, ಬಾಲಗಳ ಭಾರ ಸರಿದೂಗಿ, ಒಟ್ಟು ತೂಕ ನೇರ ಆ ಒಂದು ಗೊರಸಿಗೆ ಇಳಿಯುತ್ತದೆ. ಹಕ್ಕಿಯ ಹರಡಿದ ರೆಕ್ಕೆ, ಬಾಲಗಳೇ ಪೀಠ. ಸುಮಾರು 1800 ವರ್ಷದ ಹಿಂದೆ ಇದನ್ನು ಎರಕ ಹೊಯ್ದವನು ಕುದುರೆಯ ಓಟವನ್ನೂ ಕಂಚಿನ ತೂಕವನ್ನೂ ಒಂದೇ ಹಿಡಿತದಲ್ಲಿ ಇಟ್ಟುಕೊಂಡಿದ್ದ.

ಚೀನಾದ ಎರಕದವರ ಹಳೆಯ ದಾರಿ ಹೋಳಚ್ಚಿನದು. ಮಣ್ಣಿನಲ್ಲಿ ಮಾದರಿ ಮಾಡಿ, ಅದರ ಮೇಲೆ ಮತ್ತೆ ಮಣ್ಣು ಒತ್ತಿ, ಒಣಗುವಾಗ ಹೋಳುಹೋಳಾಗಿ ಬಿಡಿಸಿ, ಸುಟ್ಟು, ಪುನಃ ಜೋಡಿಸಿ ನಡುವಿನ ಸಂದಿಗೆ ಕಂಚು ಹೊಯ್ಯುವುದು. ಆನ್‌ಯಾಂಗ್‌ನಲ್ಲಿ 1939ರಲ್ಲಿ ಸಿಕ್ಕ 832 ಕಿಲೊ ತೂಕದ ನಾಲ್ಕು ಕಾಲಿನ ಕಂಚಿನ ಕಡಾಯಿ ಹೀಗೆ ಹುಟ್ಟಿದ್ದು, ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದಲ್ಲಿ. 1986ರಲ್ಲಿ ಸಾನ್‌ಶಿಂಗ್‌ದುಯಿ ಗುಂಡಿಯಿಂದ ಮೇಲೆದ್ದ ದೊಡ್ಡ ಕಂಚಿನ ಮನುಷ್ಯನೂ ಬಿಡಿಭಾಗಗಳಾಗಿ ಎರಕಗೊಂಡು ಕೂಡಿದವನೇ. ಪೀಠವೂ ಸೇರಿ ಅವನ ಎತ್ತರ 2.6 ಮೀಟರ್.

ಭದ್ರಾವತಿಯವರಿಗೆ ಎಲ್ಲಕ್ಕಿಂತ ಹತ್ತಿರವಾಗುವುದು ತ್ಸಾಂಗ್‌ಝೌದ ಕಬ್ಬಿಣದ ಸಿಂಹ. 953ನೇ ಇಸವಿಯಲ್ಲಿ ಎರಕ ಹೊಯ್ದದ್ದು. ಎತ್ತರ ಐದು ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಮೈಯನ್ನು ನೂರಾರು ಮಣ್ಣಿನ ಅಚ್ಚು ಜೋಡಿಸಿ, ಕೆಳಗಿನಿಂದ ಮೇಲಕ್ಕೆ ಸುತ್ತುಸುತ್ತಾಗಿ ಹೊಯ್ದಿದ್ದಾರೆ. ಅಚ್ಚಿನ ಗೆರೆಗಳು ಸಿಂಹದ ಮೈತುಂಬ ಚೌಕಚೌಕವಾಗಿ ಇಂದಿಗೂ ಕಾಣುತ್ತವೆ. ಯಾರೂ ಅವನ್ನು ಅಳಿಸಲು ಹೋಗಿಲ್ಲ. ಸಾವಿರ ವರ್ಷದ ಮಳೆ, ತುಕ್ಕು ತಿಂದು ಸಿಂಹದ ಕಾಲು ಸೋತಿದೆ, ಉಕ್ಕಿನ ಕೊಳವೆಗಳ ಊರೆ ಕೊಟ್ಟು ನಿಲ್ಲಿಸಿದ್ದಾರೆ. ಅದರ ಪ್ರತಿರೂಪವೊಂದನ್ನು ಹೊಸದಾಗಿ ಎರಕ ಹೊಯ್ದು ಅದೇ ನಗರದಲ್ಲಿ ಸ್ಥಾಪಿಸಿದ್ದಾರೆ. ಮೂಲ ಇನ್ನು ವಿಶ್ರಾಂತಿ ಪಡೆಯಬಹುದು.

ಮಣ್ಣಿನ ಸೈನ್ಯದ ಕತೆ ಎಲ್ಲರಿಗೂ ಗೊತ್ತು. 1974ರಲ್ಲಿ ಶಿಯಾನ್ ಬಳಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕಿದ್ದು ಕ್ರಿಸ್ತಪೂರ್ವ 210ರಲ್ಲಿ ತೀರಿಕೊಂಡ ಮೊದಲ ಚಕ್ರವರ್ತಿಯ ಕಾವಲು ಪಡೆ. ಸುಮಾರು 8,000 ಯೋಧರಿದ್ದಾರೆಂದು ಅಂದಾಜು. ತಲೆಯನ್ನು ಎರಡು ಹೋಳಚ್ಚಿನಲ್ಲಿ ಒತ್ತಿ ಕಿವಿಯ ಹತ್ತಿರ ಬೆಸೆದರು. ಕಾಲು ಗಟ್ಟಿ, ಮುಂಡ ಪೊಳ್ಳು. ಅಚ್ಚಿನಿಂದ ಬಂದ ಮುಖದ ಮೇಲೆ ಹಸಿ ಮಣ್ಣು ಮೆತ್ತಿ ಮೀಸೆ, ಹುಬ್ಬು, ತುರುಬುಗಳನ್ನು ಕೈಯಾರೆ ತಿದ್ದಿದರು. ಅಚ್ಚು ಕೆಲವೇ ಇದ್ದರೂ ಮುಖಗಳು ಬೇರೆಬೇರೆಯಾಗಿ ಕಾಣುವುದು ಅದಕ್ಕೇ. ಬೊಂಬೆಗಳ ಮೈಮೇಲೆ ಅಲ್ಲಲ್ಲಿ ಮುದ್ರೆಯೊತ್ತಿದ, ಗೀರಿದ ಹೆಸರುಗಳಿವೆ. ಹೀಗೆ ಗೊತ್ತಾದ ಕುಶಲಕರ್ಮಿಗಳು 80ಕ್ಕೂ ಹೆಚ್ಚು. ಕೆಲಸ ಕೆಟ್ಟರೆ ಹೊಣೆ ಯಾರದೆಂದು ತಿಳಿಯಲು ಅರಸನ ಆಡಳಿತ ಮಾಡಿಕೊಂಡ ಏರ್ಪಾಡು ಅದು. ಇಂದು ಅದೇ ಏರ್ಪಾಡಿನ ದಯೆಯಿಂದ ಎರಡು ಸಾವಿರ ವರ್ಷದ ಹಿಂದಿನ ಕುಂಬಾರರ ಹೆಸರು ಕಿವಿಗೆ ಬೀಳುತ್ತದೆ.

ನಮ್ಮಲ್ಲಿ ಲೋಹದ ಮೂರ್ತಿಗೆ ಹಿಡಿದ ದಾರಿ ಮೇಣದ್ದು. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಬಳಿದು, ಕಾಸಿ ಮೇಣ ಹೊರಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಈ ವಿಧಾನದ ವಿವರವಿದೆ. ಮೇಣದ ತೂಕಕ್ಕೆ ಬೆಳ್ಳಿ 12 ಪಟ್ಟು, ಚಿನ್ನ 16 ಪಟ್ಟು ಬೇಕೆಂಬ ಲೆಕ್ಕವೂ ಅಲ್ಲಿದೆ. ಮೇಣದ ದಾರಿಯಲ್ಲಿ ಅಚ್ಚು ಒಡೆದೇ ಮೂರ್ತಿ ಹೊರಬರಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ.

ಕಲ್ಲಿನಲ್ಲಂತೂ ಅಚ್ಚೂ ಇಲ್ಲ, ಎರಡನೇ ಅವಕಾಶವೂ ಇಲ್ಲ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಹೊರಗೋಡೆಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು. ಹೊಯ್ಸಳರ ಈ ತ್ರಿಕೂಟದ ಕಲ್ಲು ಬಳಪದ ಜಾತಿಯದು. ಗಣಿಯಿಂದ ತೆಗೆದಾಗ ಉಳಿಗೆ ಒಗ್ಗುವಷ್ಟು ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಹಾರದ ಒಂದೊಂದು ಮಣಿಯೂ ಮೈಯಿಂದ ಬಿಡಿಸಿಕೊಂಡಂತೆ ಎದ್ದಿರುವುದಕ್ಕೆ ಆ ಮೆತುತನವೇ ಕಾರಣ. ಇಲ್ಲಿಂದ ತರೀಕೆರೆ ಸೀಮೆಗೆ ಹೋದರೆ ಅಮೃತಾಪುರ. 1196ರ ಅಮೃತೇಶ್ವರ ದೇವಸ್ಥಾನದಲ್ಲಿ ಕೆಲಸ ಶುರು ಮಾಡಿದ ಮಲ್ಲಿತಮ್ಮನ ಹೆಸರು ಅರ್ಧ ಶತಮಾನಕ್ಕೂ ಆಚೆಗೆ ಸೋಮನಾಥಪುರದ ಗೋಡೆಗಳ ಮೇಲೆ ಕಾಣಿಸುತ್ತದೆ. ಬೇಲೂರಿನ ಮದನಿಕೆಯರಲ್ಲಿ ಹಲವರನ್ನು ಕಡೆದ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವೆಯವರು, ಅಂದರೆ ಇಂದಿನ ಶಿಕಾರಿಪುರ ತಾಲ್ಲೂಕಿನವರು. ಶಿಲ್ಪದಡಿ ಹೆಸರು, ಊರು, ಬಿರುದುಗಳನ್ನು ತಾವೇ ಕೊರೆದರು. ಇನ್ನೂ ಹಿಂದಕ್ಕೆ ಹೋದರೆ ತಾಳಗುಂದದ ಕಂಬದಲ್ಲಿ ಕದಂಬರ ಕಾವ್ಯ ಬರೆದ ಕವಿ ಕುಬ್ಜ, ಅದನ್ನು ಕಲ್ಲಿಗಿಳಿಸಿದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಹೊಣೆಗಾಗಿ ಒತ್ತಿದ ಹೆಸರು ಚೀನಾದಲ್ಲಿ, ಹೆಮ್ಮೆಗಾಗಿ ಕೊರೆದ ಹೆಸರು ಇಲ್ಲಿ.

ಭದ್ರಾವತಿಯಿರುವ ಶಿವಮೊಗ್ಗ ಜಿಲ್ಲೆಗೆ ಪ್ರತಿಕೃತಿಯ ಹಳೆಯ ನಂಟಿದೆ, ಅದು ಕಾಗದದ್ದು. ಶಾಸನದ ಕಲ್ಲನ್ನು ತೊಳೆದು, ತೇವದ ಕಾಗದ ಹರಡಿ, ಬಿರುಸು ಕೂದಲಿನ ಬ್ರಷ್‌ನಿಂದ ತಟ್ಟುತ್ತಾರೆ. ಕಾಗದ ಅಕ್ಷರದ ಕುಳಿಗೆ ಇಳಿದ ಮೇಲೆ ಮಸಿಯುಂಡೆಯಿಂದ ಮೆಲ್ಲಗೆ ಒತ್ತುತ್ತಾರೆ. ನೆಲವೆಲ್ಲ ಕಪ್ಪಾಗಿ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಇದೇ ಪಡಿಯಚ್ಚು. ಚೀನಾದವರು ಶತಮಾನಗಳಿಂದ ಮಾಡಿಕೊಂಡು ಬಂದಿರುವ ಕೆಲಸವೂ ಹೌದು. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳ ಎರಡು ಸಂಪುಟ ಹೊರತಂದರು. ಕಲ್ಲು ಊರಲ್ಲೇ ಉಳಿಯಿತು, ಅಕ್ಷರ ಲೋಕಕ್ಕೆ ಹೋಯಿತು. ಹಲ್ಮಿಡಿಯಲ್ಲಿ ಆಗಿರುವುದು ಇದರ ತಿರುವುಮುರುವು: 16 ಸಾಲಿನ ಮೂಲ ಶಾಸನ ಮೈಸೂರಿನಲ್ಲಿದೆ, ಊರಿನ ಮಂಟಪದಲ್ಲಿರುವುದು ಫೈಬರ್‌ಗ್ಲಾಸಿನ ಪ್ರತಿಕೃತಿ. ತಮ್ಮೂರಿನ ಅಕ್ಷರ ತಮ್ಮ ಕಣ್ಣೆದುರಿಗೇ ಇರಲೆಂಬ ಆಸೆ ಸಣ್ಣದಲ್ಲ.

ಪ್ರತಿಕೃತಿಗೆ ಇರಬೇಕಾದ ಮುಖ್ಯ ಗುಣ ಪ್ರಾಮಾಣಿಕತೆ. 1869–70ರಲ್ಲಿ ಸಾಂಚಿಯ ಪೂರ್ವ ತೋರಣದ ಅಚ್ಚು ತೆಗೆದು, 33 ಅಡಿ ಎತ್ತರದ ಪ್ಲಾಸ್ಟರ್ ಪ್ರತಿಯನ್ನು ಲಂಡನ್ನಿನಲ್ಲಿ ನಿಲ್ಲಿಸಿದಾಗ ಅದು ಪ್ರತಿಯೆಂದೇ ಎಲ್ಲರಿಗೂ ಗೊತ್ತಿತ್ತು, ಜನ ಬೆರಗಿನಿಂದಲೇ ನೋಡಿದರು. 2007ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮಣ್ಣಿನ ಯೋಧರ ಪ್ರದರ್ಶನ ಅರ್ಧಕ್ಕೇ ಮುಚ್ಚಿತು. ಮೂಲವೆಂದು ತೋರಿಸಿದ್ದು ಪ್ರತಿಗಳೆಂದು ಬಯಲಾಗಿತ್ತು. ಅದೇ ಬೊಂಬೆಗಳ ಮುಂದೆ ‘ಪ್ರತಿಕೃತಿ’ ಎಂಬ ಒಂದು ಫಲಕ ಇದ್ದಿದ್ದರೆ ನೋಡಲು, ಕಲಿಯಲು ಬೇಕಾದಷ್ಟು ಇತ್ತು.

ಭದ್ರಾವತಿಯಿಂದ ಬಸ್ಸು ಹತ್ತಿದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯ ದೂರವೇನಲ್ಲ. ತುಂಗೆಯ ದಡದ ಆ ಮರದ ಕಂಬಗಳ ಕಟ್ಟಡದ ಅಂಗಳದಲ್ಲಿ ಸುತ್ತಲ ಸೀಮೆಯ ವೀರಗಲ್ಲು, ಮೂರ್ತಿ, ಶಾಸನಗಳು ನಿಂತಿವೆ. ಹೊಯ್ಸಳರ ಕಾಲದವೂ ಉಂಟು, ಕೆಳದಿಯವರ ಕಾಲದವೂ ಉಂಟು. ಶಿಲ್ಪದ ಹುಚ್ಚಿನವರು ಅಲ್ಲಿ ಒಂದು ಮಧ್ಯಾಹ್ನವನ್ನು ಸುಲಭವಾಗಿ ಕಳೆಯಬಹುದು. ವೀರಗಲ್ಲನ್ನು ಕೆಳಗಿನ ಕಾಳಗದ ಪಟ್ಟಿಕೆಯಿಂದ ಮೇಲಿನ ಕೈಲಾಸದವರೆಗೆ ಓದುತ್ತ, ಕುದುರೆಯ ಕಾಲನ್ನು ಕಲ್ಲುಕುಟಿಗ ಹೇಗೆ ಮಡಿಸಿದ್ದಾನೆಂದು ನೋಡುತ್ತ.

ಆ ಅಂಗಳಕ್ಕೆ ಸೇರಬೇಕಾದ ಒಂದು ಪ್ರತಿಕೃತಿಯಿದೆ. ಬೇಲೂರಿನ ಮದನಿಕೆಯರು ಸೂರಿನಡಿ ಓರೆಯಾಗಿ ನಿಂತಿದ್ದಾರೆ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರೂ ಬುಡದ ಬರಹ ನೆಲದಲ್ಲಿ ನಿಂತವರ ಕಣ್ಣಿಗೆ ಸರಿಯಾಗಿ ಎಟಕುವುದಿಲ್ಲ. ಚಾವಣ ಕಡೆದ ಮದನಿಕೆಯೊಬ್ಬಳ ಪ್ರತಿಕೃತಿ ಅವನ ಹುಟ್ಟೂರಿನ ಜಿಲ್ಲೆಯಲ್ಲಿ, ಶಾಲೆಯ ಮಕ್ಕಳ ಕಣ್ಣಿನ ಮಟ್ಟದಲ್ಲಿ ನಿಲ್ಲಲಿ. ಕಣ್ಣು ಕಾಣದವರೂ ಬಳ್ಳಿಯ ಸುರುಳಿಯನ್ನು ಬೆರಳಿನಿಂದ ಹಿಂಬಾಲಿಸುವಂತಿರಲಿ. ಫಲಕದಲ್ಲಿ ಎರಡು ಹೆಸರು ಬರೆಯಬೇಕು: ಕಲ್ಲು ಕಡೆದ ಬಳ್ಳಿಗಾವೆಯ ಚಾವಣನದು, ಜತೆಗೆ ಪ್ರತಿಕೃತಿಯ ಅಚ್ಚು ತೆಗೆದವರದು.