ತಿಥಿ ನೋಡಿ ಹೊರಡುವ ವಾಕಿಂಗು

ಅನುಗೊಂಡನಹಳ್ಳಿ ಸೀಮೆಯ ನಮಗೆ ನೀರಿನ ಪಕ್ಕ ನಡೆಯುವುದೆಂದರೆ ಕೆರೆ ಏರಿಯ ಮೇಲೆ ನಡೆಯುವುದು. ಅದಕ್ಕೆ ಯೋಜನೆ ಗೀಜನೆ ಬೇಕಿಲ್ಲ. ಹೆಗಲಿಗೊಂದು ಟವೆಲ್ ಹಾಕಿಕೊಂಡು ಹೊರಟರಾಯಿತು. ಬೆಳಗ್ಗೆ ಹೋದರೂ ಸಂಜೆ ಹೋದರೂ ನೀರು ಇದ್ದಲ್ಲೇ ಇರುತ್ತದೆ, ಇದ್ದರೆ. ಮಳೆ ಚೆನ್ನಾದ ವರ್ಷ ಕೋಡಿ ಹರಿಯುತ್ತದೆ, ಆಗದ ವರ್ಷ ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಮುಳುಗಿ ಏಳುವ ಗುಳುಮುಳುಕ, ಹಣೆಗೆ ಬಿಳಿ ನಾಮ ಹಾಕಿಕೊಂಡ ನಾಮಕೋಳಿ, ಹೊಸಕೋಟೆಯ ದೊಡ್ಡ ಕೆರೆವರೆಗೆ ಹೋದರೆ ಹೆಜ್ಜಾರ್ಲೆ. ಯಾವುದಕ್ಕೂ ಅವಸರವಿಲ್ಲ.

ಈ ಅಭ್ಯಾಸವನ್ನೇ ಕಟ್ಟಿಕೊಂಡು ಕರಾವಳಿಯ ಅಳಿವೆಗೆ ಹೊರಟರೆ ಕೆಟ್ಟಿರಿ. ಅಲ್ಲಿ ನೀರಿಗೆ ಒಂದು ವೇಳಾಪಟ್ಟಿಯಿದೆ. ಸುಮಾರು ಆರು ಗಂಟೆ ಏರುತ್ತದೆ, ಇನ್ನಾರು ಗಂಟೆ ಇಳಿಯುತ್ತದೆ, ಮಾರನೆಯ ದಿನ ಇದೆಲ್ಲ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚೇ ತಡವಾಗಿ ನಡೆಯುತ್ತದೆ. ಉಬ್ಬರದ ಹೊತ್ತಿಗೆ ಹೋದವನು ನೋಡುವುದು ಬರೀ ನೀರು. ಇಳಿತದ ಹೊತ್ತಿಗೆ ಹೋದವನಿಗೆ ಕೆಸರು ಕಾಣುತ್ತದೆ, ನೋಡುವಂಥದ್ದೆಲ್ಲ ಇರುವುದು ಆ ಕೆಸರಿನಲ್ಲೇ.

ನಮ್ಮ ಮನೆಯಲ್ಲಿ ಈ ಪ್ರಯಾಣದ ಮಾತು ಶುರುವಾದಾಗ ಮಂಡಿನೋವಿನ ಮಾವ ಮೊದಲೇ ಷರತ್ತು ಹಾಕಿದರು: ಹತ್ತುವುದು ಇಳಿಯುವುದು ಇರಬಾರದು, ತಿಂಡಿ ತಡವಾಗಬಾರದು. ಹತ್ತಿ ಇಳಿಯುವುದು ನೀರು, ನಾವಲ್ಲ ಎಂದು ಅವರನ್ನು ಒಪ್ಪಿಸಿದೆವು. ಒಪ್ಪದವರು ಅಜ್ಜಿ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರ ಒಂದೇ ಸಾಲಿಗೆ ಬರುವುದರಿಂದ ಸಮುದ್ರ ಹೆಚ್ಚು ಉಬ್ಬಿ ಹೆಚ್ಚು ಇಳಿಯುತ್ತದೆ, ಆಗಲೇ ಹೋಗಬೇಕು ಎಂದು ನಾನು ಪುಸ್ತಕದ ಮಾತು ಆಡಿದೆ.

"ಅಮಾಸೆ ದಿನ ಯಾರಾನ ಊರು ಬಿಡ್ತಾರೇನಪ್ಪಾ?"

ಹಾಗಾದರೆ ಅಷ್ಟಮಿಗೆ ಹೋಗೋಣವೇ ಎಂದರೆ ಅಷ್ಟಮಿ ನವಮಿಯೂ ಬೇಡವಂತೆ. ಲೆಕ್ಕ ನೋಡಿದರೆ ಈ ಮಾತು ಸಮುದ್ರಕ್ಕೂ ಒಪ್ಪಿಗೆ: ಅಷ್ಟಮಿಯ ಸುತ್ತಮುತ್ತ ಉಬ್ಬರವೂ ಸಪ್ಪೆ, ಇಳಿತವೂ ಸಪ್ಪೆ. ಅಮಾವಾಸ್ಯೆಯ ವಿಷಯದಲ್ಲೂ ಅಜ್ಜಿಯೇ ಗೆದ್ದರು. ಆ ದಿನ ನಮ್ಮ ಕರಾವಳಿಯಲ್ಲಿ ನೀರು ತೀರಾ ಇಳಿಯುವುದು ಬೆಳಗಿನ ಜಾವದ ಕತ್ತಲೆಯಲ್ಲಿ. ದಿನಕ್ಕಿಷ್ಟು ಜಾರುತ್ತಾ ಬಂದು ತದಿಗೆಯ ಹೊತ್ತಿಗೆ ಏಳು, ಏಳೂವರೆಗೆ ನಿಲ್ಲುತ್ತದೆ. ಇಳಿತದ ಜೋರು ಇನ್ನೂ ಉಳಿದಿರುತ್ತದೆ, ಬಿಸಿಲು ಏರಿರುವುದಿಲ್ಲ, ಹಕ್ಕಿಗಳು ಹಸಿದಿರುತ್ತವೆ. ಬಿದಿಗೆಯ ಸಂಜೆ ಹೊರಟು ತದಿಗೆಯ ಬೆಳಗ್ಗೆ ತಲುಪುವುದು ಎಂದಾಗ ಅಜ್ಜಿ ಪಂಚಾಂಗ ಮುಚ್ಚಿಟ್ಟರು. ಗಳಿಗೆ ನಿಮಿಷ ಬೇಕೆನ್ನುವವರಿಗೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಉಬ್ಬರವಿಳಿತದ ಪಟ್ಟಿಯನ್ನೇ ಅಚ್ಚು ಹಾಕಿಸುತ್ತದೆ. ನಮಗೆ ಗೋಡೆಯ ಕ್ಯಾಲೆಂಡರ್ ಸಾಕಾಯಿತು.

ಹಾದಿ ಸುಲಭ. ಕಾಡುಗೋಡಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್, ಅಲ್ಲಿಂದ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್, ಬೆಳಗ್ಗೆ ಕುಮಟಾ. ಅಲ್ಲಿನ ಅಘನಾಶಿನಿ ನದಿಯ ಅಳಿವೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಶರಾವತಿಗೆ ಲಿಂಗನಮಕ್ಕಿ ಇದೆ, ಕಾಳಿಗೆ ಸೂಪಾ, ಕದ್ರಾಗಳಿವೆ. ಅಘನಾಶಿನಿಗೆ ಮಾತ್ರ ದೊಡ್ಡ ಅಣೆಕಟ್ಟೆಂಬುದಿಲ್ಲ. ಶಿರಸಿಯ ಕಡೆ ಹುಟ್ಟಿದ ಸಿಹಿನೀರು ಯಾರ ಅಪ್ಪಣೆಯನ್ನೂ ಕೇಳದೆ ಸಮುದ್ರದ ಉಪ್ಪುನೀರಿಗೆ ಸೇರುತ್ತದೆ. 2024ರ ಜನವರಿ ಕೊನೆಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ನಮ್ಮ ರಾಜ್ಯದಿಂದ ಜೊತೆಗೆ ಸೇರಿದವು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಎರಡೂ ಕೆರೆಗಳೇ ಎಂಬುದು ಏರಿಯ ಮೇಲೆ ಬೆಳೆದವರಿಗೆ ಸಣ್ಣ ಹೆಮ್ಮೆಯಲ್ಲ.

ನೀರು ಇಳಿದಾಗ ಅಲ್ಲಿನ ಹೆಂಗಸರು, ಗಂಡಸರು ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಆಯುತ್ತಾರೆ. ಮಧ್ಯಾಹ್ನದ ಸಾರು ಅದು, ಪೇಟೆಯ ಕಾಸೂ ಅದೇ. ಅವರ ಕೆಲಸದ ನಡುವೆ ಕ್ಯಾಮೆರಾ ತೂರಿಸುವುದು ಬೇಡ. ದಡದಲ್ಲಿ ಉಪ್ಪುನೀರು ಹತ್ತುವ ಗಜನಿ ಗದ್ದೆಗಳ ಕಟ್ಟೆಗಳೇ ಮಾವನಂಥವರಿಗೆ ಹೇಳಿ ಮಾಡಿಸಿದ ದಾರಿ: ಸಮತಟ್ಟು, ಎರಡೂ ಕಡೆ ನೀರು. ಗಜನಿಗೆ ಜಂತ್ರಡಿ ಎಂಬ ಬಾಗಿಲಿರುತ್ತದೆ. ನಮ್ಮ ತೂಬು ಕೆರೆ ನೀರನ್ನು ಹೊರಗೆ ಬಿಡುವುದಕ್ಕಷ್ಟೇ ಇದ್ದರೆ, ಜಂತ್ರಡಿಯದು ಎರಡು ಕೆಲಸ: ಸಮುದ್ರವನ್ನು ತಡೆಯಬೇಕು, ಬೇಕಾದಾಗ ಒಳಗೂ ಬಿಡಬೇಕು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಉಪ್ಪು ಸಹಿಸುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಒಂದು ರಾಗಿ ಬೆಳೆಗೆ ಆಕಾಶ ನೋಡುವ ನಮ್ಮ ಕಡೆಯವರಿಗೆ ಹೊಟ್ಟೆಕಿಚ್ಚಾಗುವ ಏರ್ಪಾಡು. ಕಟ್ಟೆ ಬೇರೆಯವರ ಗದ್ದೆಯದು, ಕೇಳಿ ಕಾಲಿಡಬೇಕು.

ಎರಡನೆಯ ಬೆಳಗು ಹೊನ್ನಾವರದ ಕಾಸರಕೋಡಿಗೆ. ಅಲ್ಲಿ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಅರಣ್ಯ ಇಲಾಖೆ ಹಲಗೆ ಹಾಸಿದ ನಡೆದಾರಿ ಮಾಡಿದೆ. ತೆರೆಯುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಚೌತಿಗೆ ಇಳಿತವೂ ತುಸು ತಡ, ಅದೇ ಅನುಕೂಲ. ಅವಸರದವರಿಗೆ ಕಾಲು ಗಂಟೆಯ ದಾರಿ, ನೋಡುವವರಿಗೆ ಒಂದು ಬೆಳಗೂ ಸಾಲದು. ಕೆಲವು ಮರ ಊರುಗೋಲಿನಂತೆ ಸುತ್ತಲೂ ಬೇರು ಊರಿ ನಿಂತಿವೆ, ಕೆಲವು ಉಸಿರಿಗಾಗಿ ಬೇರನ್ನೇ ಕೆಸರಿನಿಂದ ಮೇಲಕ್ಕೆ ಚಾಚಿವೆ. ಬೀಜ ತಾಯಿಮರದಲ್ಲಿರುವಾಗಲೇ ಮೊಳೆತು ಗಿಡವಾಗಿಯೇ ಬೀಳುವ ಜಾತಿಯೂ ಇದೆ. ಕೆಳಗೆ ಒಂದು ಕೊಂಬು ಮಾತ್ರ ಅತಿಯಾಗಿ ಬೆಳೆದ ಗಂಡು ಏಡಿಗಳು ಅದನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತವೆ. ಕೆಸರಿನ ಮೇಲೆ ಕುಪ್ಪಳಿಸುವ ಮೀನನ್ನು ಕಪ್ಪೆಯೆಂದೇ ವಾದಿಸುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಹಲಗೆ ಬಿಟ್ಟು ಕೆಸರಿಗೆ ಇಳಿಯಬೇಡಿ: ಉಸಿರಾಡುವ ಬೇರು ಮುರಿಯುತ್ತದೆ, ಚಪ್ಪಲಿಯೂ ವಾಪಸು ಬರುವುದಿಲ್ಲ.

ನವೆಂಬರಿನಿಂದ ಫೆಬ್ರವರಿಯೊಳಗೆ ಹೋದರೆ ವಲಸೆ ಬಂದ ಉಲ್ಲಂಕಿ, ಗೊರವ, ಕಡಲಕ್ಕಿಗಳೂ ಸಿಗುತ್ತವೆ. ಟೋಪಿ, ನೀರು, ಹಿಡಿತವಿರುವ ಚಪ್ಪಲಿ, ದುರ್ಬೀನು ಇದ್ದರೆ ಸಾಕು.

ಭಾನುವಾರವೇ ರಜೆ ಎನ್ನುವವರು ಎದೆಗುಂದಬೇಕಿಲ್ಲ. ಈ ಭಾನುವಾರ ಏಕಾದಶಿ ಬಿದ್ದಿದ್ದರೆ ಮುಂದಿನದು ತಾನಾಗಿ ಬಿದಿಗೆ ತದಿಗೆಯ ಆಸುಪಾಸಿಗೆ ಬರುತ್ತದೆ. ಕ್ಯಾಲೆಂಡರಿನಲ್ಲಿ ಅದನ್ನು ಗುರುತು ಮಾಡಿ, ಆಮೇಲೆ ರೈಲಿನ ಟಿಕೆಟ್ ಮಾಡಿಸಿ.